ಯಾದಗಿರಿ, ಶಹಾಪುರ, ಸುರಪುರ ಪರಿಸರದಲ್ಲಿ ರಸಾಯನಶಾಸ್ತ್ರದ ಕಲಿಕೆ: ಉಷ್ಣ ಮತ್ತು ಸಮತೋಲದ ಪರಿಭಾಷೆಯ ಇತಿಹಾಸ

ಹೈದರಾಬಾದ್ ಕರ್ನಾಟಕದ ಶೈಕ್ಷಣಿಕ ಇತಿಹಾಸವನ್ನು ಕುರಿತ ಬರಹಗಳಲ್ಲಿ ಶಾಲೆಗಳ ಸ್ಥಾಪನೆ, ಮಠಗಳ ಪಾತ್ರ, ದಾನಿಗಳ ಔದಾರ್ಯ, ಕನ್ನಡಕ್ಕೆ ಒದಗಿದ ಕಷ್ಟಕಾಲ ಇವು ಮತ್ತೆ ಮತ್ತೆ ಚರ್ಚೆಗೆ ಬಂದಿವೆ. ತರಗತಿಯ ಒಳಗೆ ಯಾವ ವಿಷಯವನ್ನು ಯಾವ ಮಾತಿನಲ್ಲಿ ಕಲಿಸಲಾಯಿತು ಎಂಬ ಪ್ರಶ್ನೆಗೆ ದೊರೆತ ಗಮನ ಕಡಿಮೆ. ಅದರಲ್ಲಿಯೂ ವಿಜ್ಞಾನ ವಿಷಯಗಳ ಮಟ್ಟಿಗೆ ಈ ಪ್ರಶ್ನೆ ಬಹುಮಟ್ಟಿಗೆ ಇತಿಹಾಸಕಾರರ ಕಣ್ಣಿನಿಂದ ಹೊರಗೇ ಉಳಿದಿದೆ. ಪ್ರಸ್ತುತ ಲೇಖನದಲ್ಲಿ ವಿಶ್ವವಿದ್ಯಾಲಯ ಮಟ್ಟದ ರಸಾಯನಶಾಸ್ತ್ರದ ಎರಡು ಆರಂಭಿಕ ಅಧ್ಯಾಯಗಳನ್ನು, ಅಂದರೆ ಉಷ್ಣಗತಿವಿಜ್ಞಾನದ ಮೂಲತತ್ತ್ವಗಳು ಮತ್ತು ರಾಸಾಯನಿಕ ಸಮತೋಲ ಇವುಗಳನ್ನು ಆಧಾರವಾಗಿಟ್ಟುಕೊಂಡು, ಇಂದಿನ ಯಾದಗಿರಿ ಜಿಲ್ಲೆಯ ಮೂರು ತಾಲ್ಲೂಕುಗಳ ವಿದ್ಯಾರ್ಥಿಗಳು ಹಾದುಬಂದ ಭಾಷಾಮಾರ್ಗವನ್ನು ಗುರುತಿಸಲು ಪ್ರಯತ್ನಿಸಲಾಗಿದೆ.

ಈ ಎರಡು ಅಧ್ಯಾಯಗಳನ್ನೇ ಆರಿಸಿಕೊಳ್ಳಲು ಕಾರಣವಿದೆ. ರಸಾಯನಶಾಸ್ತ್ರದ ಉಳಿದ ಭಾಗಗಳಲ್ಲಿ ಪಾರಿಭಾಷಿಕ ಪದವೆಂಬುದು ಹೆಚ್ಚಾಗಿ ಒಂದು ಹೆಸರು ಮಾತ್ರ. ಬೆಂಜೀನ್ ಎಂದರೇನೆಂಬುದನ್ನು ಹೊಸದಾಗಿ ಕಲಿಯಬೇಕಾದುದರಿಂದ ಅಲ್ಲಿ ಹಳೆಯ ಅರ್ಥ ಅಡ್ಡ ಬರುವುದಿಲ್ಲ. ಇಲ್ಲಿ ಹಾಗಲ್ಲ. ಉಷ್ಣ, ತಾಪ, ಕೆಲಸ, ಒತ್ತಡ, ಸಮತೋಲ ಇವೆಲ್ಲ ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಬಳಕೆಯಾಗಿ ಸವೆದ ಮಾತುಗಳು. ವಿದ್ಯಾರ್ಥಿ ಹೊಸ ಅರ್ಥವನ್ನು ಪಡೆಯುವ ಮುನ್ನ ಹಳೆಯದನ್ನು ಸ್ವಲ್ಪ ಬದಿಗಿಡಬೇಕಾಗುತ್ತದೆ. ಆ ಹಳೆಯ ಅರ್ಥ ಯಾವ ಭಾಷೆಯಲ್ಲಿದೆ, ಹೊಸ ಅರ್ಥ ಯಾವ ಭಾಷೆಯಲ್ಲಿ ಬರುತ್ತದೆ ಎಂಬುದೇ ಕಲಿಕೆಯ ಸುಲಭ ದುರ್ಲಭಗಳನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಅಧ್ಯಯನದ ಪ್ರದೇಶದ ಆಡಳಿತ ಹಿನ್ನೆಲೆಯನ್ನು ಸಂಕ್ಷೇಪವಾಗಿ ನೋಡಬಹುದು. ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ಸಗರನಾಡು ಶಹಾಪುರ, ಸುರಪುರಗಳನ್ನು ಒಳಗೊಂಡಿದೆ. ಯಾದಗಿರಿ ಭೀಮೆಯ ಆಚೆ ದಡದಲ್ಲಿದೆ. ಸುರಪುರವು ನಾಯಕ ಅರಸರ ರಾಜಧಾನಿಯಾಗಿತ್ತು. 1841ರಿಂದ 1853ರವರೆಗೆ ಅಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್‌ನ ಹೆಸರು ಈ ಭಾಗದ ಚರಿತ್ರೆಯಲ್ಲಿ ಚಿರಪರಿಚಿತ. ರಾಜಾ ವೆಂಕಟಪ್ಪ ನಾಯಕರ 1858ರ ಬಂಡಾಯದ ನಂತರ ಸಂಸ್ಥಾನವು ಬ್ರಿಟಿಷರ ವಶವಾಗಿ, 1860ರಲ್ಲಿ ನಿಜಾಮರಿಗೆ ವರ್ಗಾವಣೆಯಾಯಿತು. 1905ರ ಪುನರ್ವಿಂಗಡಣೆಯಲ್ಲಿ ಲಿಂಗಸುಗೂರು ಜಿಲ್ಲೆ ರದ್ದಾದಾಗ ಶಹಾಪುರ ಮತ್ತು ಸುರಪುರ ಗುಲಬರ್ಗಾ ಜಿಲ್ಲೆಗೆ ಸೇರಿದವು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದ ಒಕ್ಕೂಟದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆ ವಿಶಾಲ ಮೈಸೂರು ರಾಜ್ಯದ ಭಾಗವಾಯಿತು. 2009ರ ಡಿಸೆಂಬರ್ ಕೊನೆಯಲ್ಲಿ ಈ ಮೂರು ತಾಲ್ಲೂಕುಗಳನ್ನು ಕೂಡಿಸಿ ಯಾದಗಿರಿ ಜಿಲ್ಲೆಯನ್ನು ರಚಿಸಲಾಯಿತು. ನೆಲ ಅಲ್ಲಿಯೇ ಇದ್ದರೂ ಅದರ ಮೇಲಿನ ಆಡಳಿತ ಭಾಷೆ ನೂರು ವರ್ಷಗಳ ಒಳಗೆ ಪರ್ಶಿಯನ್, ಉರ್ದು, ಇಂಗ್ಲಿಷ್, ಕನ್ನಡ ಎಂದು ಬದಲಾಗುತ್ತ ಬಂದಿತು.

ನಿಜಾಮ ಸಂಸ್ಥಾನದಲ್ಲಿ 1880ರ ದಶಕದಲ್ಲಿ ಪರ್ಶಿಯನ್ ಭಾಷೆಯ ಸ್ಥಾನವನ್ನು ಉರ್ದು ಪಡೆಯಿತು. ಕಚೇರಿ, ನ್ಯಾಯಾಲಯಗಳ ಜೊತೆಗೆ ಮೇಲ್ದರ್ಜೆಯ ಶಾಲೆಗಳೂ ಆ ಭಾಷೆಗೆ ತಿರುಗಿದವು. ಕನ್ನಡದ ಮಕ್ಕಳಿಗೆ ತಾಯಿನುಡಿ ಬಹುಮಟ್ಟಿಗೆ ಕೆಳಗಿನ ತರಗತಿಗಳಿಗೆ ಸೀಮಿತವಾಯಿತು. ಗುಲಬರ್ಗಾದಲ್ಲಿ 1907ರಲ್ಲಿ ಆರಂಭವಾದ ನೂತನ ವಿದ್ಯಾಲಯದಂಥ ಖಾಸಗಿ ಸಂಸ್ಥೆಗಳ ಮಹತ್ತ್ವವನ್ನು ಈ ಹಿನ್ನೆಲೆಯಲ್ಲಿಯೇ ಅರಿಯಬೇಕು. ಆದರೆ ಪ್ರೌಢಶಾಲೆಯನ್ನು ದಾಟಿ ವಿಜ್ಞಾನವನ್ನು ಓದಬಯಸಿದವನಿಗೆ ಮುಂದಿನ ದಾರಿ ಹೈದರಾಬಾದಿನದು. ಮುಂಬಯಿ ಮದ್ರಾಸು ರೈಲುಮಾರ್ಗ 1871ರಲ್ಲಿ ಯಾದಗಿರಿಯ ಮೂಲಕ ರಾಯಚೂರನ್ನು ಮುಟ್ಟಿತ್ತು. ವಾಡಿಯಿಂದ ಹೈದರಾಬಾದಿನ ಕಡೆಗೆ 1874ರಲ್ಲಿ ನಿಜಾಮ ಸರ್ಕಾರದ ರೈಲು ಓಡತೊಡಗಿತು. ಸುರಪುರ, ಶಹಾಪುರಗಳಿಗೆ ರೈಲು ಇರಲಿಲ್ಲ. ಆ ಊರುಗಳ ವಿದ್ಯಾರ್ಥಿ ಭೀಮೆಯನ್ನು ದಾಟಿ ಯಾದಗಿರಿ ನಿಲ್ದಾಣಕ್ಕೆ ಬಂದು, ವಾಡಿಯಲ್ಲಿ ಗಾಡಿ ಬದಲಿಸಿ ರಾಜಧಾನಿಯನ್ನು ಸೇರಬೇಕಾಗಿತ್ತು.

ಆ ರಾಜಧಾನಿಯಲ್ಲಿ ಭಾರತದ ಶಿಕ್ಷಣ ಚರಿತ್ರೆಯಲ್ಲಿಯೇ ವಿಶಿಷ್ಟವಾದ ಒಂದು ಪ್ರಯೋಗ ನಡೆಯಿತು. ಅಕ್ಬರ್ ಹೈದರಿಯವರ ಜ್ಞಾಪನಪತ್ರವನ್ನು ಆಧರಿಸಿ ಮೀರ್ ಉಸ್ಮಾನ್ ಅಲಿ ಖಾನರು 1917ರ ಏಪ್ರಿಲ್‌ನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಸ್ಥಾಪನೆಗೆ ಫರ್ಮಾನು ಹೊರಡಿಸಿದರು. 1918ರಲ್ಲಿ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂದಿತು. 1919ರ ಆಗಸ್ಟ್‌ನಲ್ಲಿ ಇಂಟರ್‌ಮೀಡಿಯೆಟ್ ತರಗತಿಗಳು ಆರಂಭವಾದವು. ಇಂಗ್ಲಿಷನ್ನು ಒಂದು ಕಡ್ಡಾಯ ಭಾಷೆಯಾಗಿ ಉಳಿಸಿಕೊಂಡು ಉಳಿದೆಲ್ಲ ಜ್ಞಾನಶಾಖೆಗಳನ್ನು ಉರ್ದುವಿನಲ್ಲಿ ಕಲಿಸುವುದು ಇದರ ಮೂಲ ಸಂಕಲ್ಪ. ತರಗತಿಗಳಿಗೆ ಮುಂಚೆಯೇ, 1917ರಲ್ಲಿ, ಮೌಲ್ವಿ ಅಬ್ದುಲ್ ಹಕ್ ಅವರ ನೇತೃತ್ವದಲ್ಲಿ ಭಾಷಾಂತರ ಇಲಾಖೆಯನ್ನು, ಅಂದರೆ ದಾರುತ್ತರ್ಜುಮಾವನ್ನು ತೆರೆಯಲಾಯಿತು. ಮೊದಲು ಪುಸ್ತಕ, ಆಮೇಲೆ ತರಗತಿ ಎಂಬ ಈ ಅನುಕ್ರಮವನ್ನು ವಿಶೇಷವಾಗಿ ಗಮನಿಸಬೇಕು. ಮುಂದೆ ಕನ್ನಡದಲ್ಲಿ ನಡೆದ ಪ್ರಯತ್ನಗಳಲ್ಲಿ ಈ ಅನುಕ್ರಮ ಎಂದೂ ಇಷ್ಟು ಸ್ಪಷ್ಟವಾಗಿ ಕಾಣಿಸಲಿಲ್ಲ.

ಭಾಷಾಂತರ ಇಲಾಖೆಯ ಪರಿಭಾಷಾ ಸಮಿತಿಗಳಲ್ಲಿ ಒಂದು ಮೂಲಭೂತ ವಿವಾದವಿತ್ತು. ಹೊಸ ಪದಗಳನ್ನು ಅರಬ್ಬಿಯ ಧಾತುಗಳಿಂದಲೇ ರೂಪಿಸಬೇಕೆಂಬುದು ಒಂದು ಪಕ್ಷ. ಉರ್ದು ಭಾಷೆಯಲ್ಲಿ ಅರಬ್ಬಿ, ಪರ್ಶಿಯನ್, ಹಿಂದಿ ಮೂರೂ ಬೆರೆತಿರುವುದರಿಂದ ಮೂರರ ಸಾಮಗ್ರಿಯನ್ನೂ ಉರ್ದುವಿನದೇ ಆದ ಕ್ರಮದಲ್ಲಿ ಬಳಸಬೇಕೆಂಬುದು ಇನ್ನೊಂದು ಪಕ್ಷ. ಉಸ್ಮಾನಿಯಾದಲ್ಲಿ ಉರ್ದು ಪ್ರಾಧ್ಯಾಪಕರಾಗಿದ್ದ ವಹೀದುದ್ದೀನ್ ಸಲೀಂ ಎರಡನೆಯ ಪಕ್ಷವನ್ನು ಸಮರ್ಥಿಸಿ 1921ರಲ್ಲಿ ಪರಿಭಾಷಾ ನಿರ್ಮಾಣವನ್ನೇ ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಅರಬ್ಬಿಯ ಜಾಗದಲ್ಲಿ ಸಂಸ್ಕೃತವನ್ನಿಟ್ಟು ನೋಡಿದರೆ ಕನ್ನಡದಲ್ಲಿ ಇಂದಿಗೂ ತೀರದಿರುವ ಚರ್ಚೆ ಇದೇ ಆಗಿದೆ.

ಉರ್ದು ಪರಿಭಾಷೆಯ ಎರಡು ಉದಾಹರಣೆಗಳು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸುತ್ತವೆ. ಮೊದಲನೆಯದು ಉಷ್ಣ ಮತ್ತು ತಾಪಗಳ ಭೇದ. ಒಂದು ವಸ್ತುವಿಗೆ ಹರಿದುಬಂದ ಶಕ್ತಿಯ ಪ್ರಮಾಣ ಬೇರೆ, ಆ ವಸ್ತು ಎಷ್ಟು ಬಿಸಿಯಾಗಿದೆ ಎಂಬ ಮಟ್ಟ ಬೇರೆ. ಹದಿನೆಂಟನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಇದನ್ನು ಸ್ಪಷ್ಟಪಡಿಸುವವರೆಗೆ ವಿದ್ವಾಂಸರೂ ಎರಡನ್ನು ಬೆರೆಸುತ್ತಿದ್ದರು. ಕುದಿಯುತ್ತಿರುವ ನೀರಿಗೆ ಎಷ್ಟು ಉರಿ ಕೊಟ್ಟರೂ ಅದರ ತಾಪ ಏರುವುದಿಲ್ಲ. ಕೊಟ್ಟದ್ದೆಲ್ಲ ಆವಿಯಾಗುವುದಕ್ಕೆ ವ್ಯಯವಾಗುತ್ತದೆ. ಉರ್ದುವಿನಲ್ಲಿ ಮೊದಲನೆಯದಕ್ಕೆ ಅರಬ್ಬಿ ಮೂಲದ ಹರಾರತ್, ಎರಡನೆಯದಕ್ಕೆ ಪರ್ಶಿಯನ್ ಮೂಲದ ತಪಿಶ್ ಎಂಬ ಪದಗಳು ನಿಂತವು. ಬೇರು ಬೇರೆಯಾದುದರಿಂದ ಕಿವಿಗೆ ಎರಡೂ ಬೇರೆಯಾಗಿಯೇ ಕೇಳಿಸುತ್ತವೆ. ಕನ್ನಡದ ಅನೇಕ ಪುಸ್ತಕಗಳಲ್ಲಿ ಉಷ್ಣ ಎಂದರೆ ಒಂದು, ಉಷ್ಣತೆ ಎಂದರೆ ಮತ್ತೊಂದು. ಒಂದು ಪ್ರತ್ಯಯದ ಅಂತರದಲ್ಲಿ ಒಂದು ಶತಮಾನದ ಚಿಂತನೆಯನ್ನು ನಿಲ್ಲಿಸುವುದು ವಿದ್ಯಾರ್ಥಿಗೆ ಉಪಕಾರವಾಗುವ ಕ್ರಮವಲ್ಲ. ಕನ್ನಡದಲ್ಲಿ ಬಳಕೆಯಲ್ಲಿರುವ ಇನ್ನೊಂದು ಪದವಾದ ತಾಪ ಈ ದೃಷ್ಟಿಯಿಂದ ಮೇಲು. ಪರ್ಶಿಯನ್ನಿನ ತಪಿಶ್ ಮತ್ತು ಸಂಸ್ಕೃತದ ತಾಪ ಒಂದೇ ಇಂಡೋ-ಇರಾನಿಯನ್ ಬೇರಿನಿಂದ ಬಂದವು. ಹೈದರಾಬಾದಿನ ತರಗತಿ ಮತ್ತು ಮೈಸೂರಿನ ತರಗತಿ ಒಂದನ್ನೊಂದು ಅರಿಯದೆಯೇ ಈ ಒಂದು ಮಾತಿನಲ್ಲಿ ಕೂಡಿಕೊಂಡಿದ್ದವು.

ಎರಡನೆಯ ಉದಾಹರಣೆ ಸಮತೋಲದ್ದು. ಉರ್ದುವಿನ ತವಾಜುನ್ ಎಂಬ ಪದ ಅರಬ್ಬಿಯ ವಜನ್, ಅಂದರೆ ತೂಕ, ಎಂಬುದರಿಂದ ಬಂದಿದೆ. ಈ ವಜನ್ ಗುಲಬರ್ಗಾ ಸೀಮೆಯ ಸಂತೆಗಳಲ್ಲಿ ಕನ್ನಡದ ಮಾತೇ ಆಗಿಹೋಗಿದೆ. ಶೇಂಗಾ, ತೊಗರಿಗಳ ವಜನು ಕೇಳದ ರೈತನಿಲ್ಲ. ಕನ್ನಡದ ಸಮತೋಲ, ಸಂತುಲನ ಇವು ಸಂಸ್ಕೃತದ ತುಲಾ, ಅಂದರೆ ತಕ್ಕಡಿ, ಎಂಬುದರಿಂದ ಬಂದವು. ಇಂಗ್ಲಿಷಿನ ಈಕ್ವಿಲಿಬ್ರಿಯಂ ಎಂಬುದೂ ಲ್ಯಾಟಿನ್ನಿನ ಲಿಬ್ರಾ ಎಂಬ ತಕ್ಕಡಿಯ ಹೆಸರನ್ನೇ ಒಳಗಿಟ್ಟುಕೊಂಡಿದೆ. ಹೀಗೆ ಮೂರು ಭಾಷೆಗಳೂ ಒಂದೇ ರೂಪಕವನ್ನು ಹಿಡಿದಿವೆ. ಈ ರೂಪಕದಿಂದ ಬರುವ ತೊಡಕೂ ಮೂರರಲ್ಲಿಯೂ ಒಂದೇ. ಅದನ್ನು ಮುಂದೆ ವಿಚಾರಿಸಲಾಗುವುದು.

ಉಸ್ಮಾನಿಯಾದ ಪ್ರಯೋಗವನ್ನು ಕನ್ನಡಿಗರ ನೆಲೆಯಿಂದ ನೋಡುವಾಗ ಎರಡು ಮಾತುಗಳನ್ನು ಒಟ್ಟಿಗೆ ಹೇಳಬೇಕಾಗುತ್ತದೆ. ದೇಶಭಾಷೆಯೊಂದರಲ್ಲಿ ಉನ್ನತ ವಿಜ್ಞಾನವನ್ನು ಕಲಿಸಲು ಸಾಧ್ಯವೆಂದು ಅದು ತೋರಿಸಿಕೊಟ್ಟಿತು. ಆದರೆ ಆ ದೇಶಭಾಷೆ ಸಂಸ್ಥಾನದ ಕನ್ನಡ, ತೆಲುಗು, ಮರಾಠಿ ಪ್ರಜೆಗಳ ಮನೆಮಾತಾಗಿರಲಿಲ್ಲ. ಕನ್ನಡವು ಅಲ್ಲಿ ಒಂದು ಸಾಹಿತ್ಯ ವಿಷಯವಾಗಿ ಇತ್ತು, ಡಿ. ಕೆ. ಭೀಮಸೇನರಾಯರಂಥ ವಿದ್ವಾಂಸರು ಅದನ್ನು ಬೋಧಿಸುತ್ತಿದ್ದರು. ಕನ್ನಡದಲ್ಲಿ ಕಾವ್ಯ, ಉರ್ದುವಿನಲ್ಲಿ ರಸಾಯನಶಾಸ್ತ್ರ ಎಂಬ ವಿಭಜನೆ ಸಗರನಾಡಿನಿಂದ ಬಂದ ವಿದ್ಯಾರ್ಥಿಯ ಪಾಲಿಗೆ ಸಹಜವೆನಿಸುವಷ್ಟು ಗಟ್ಟಿಯಾಯಿತು. ಗುಲಬರ್ಗಾದಲ್ಲಿದ್ದ ಇಂಟರ್‌ಮೀಡಿಯೆಟ್ ಕಾಲೇಜು ದೂರವನ್ನು ಕಡಿಮೆ ಮಾಡಿತೇ ಹೊರತು ಭಾಷೆಯನ್ನು ಬದಲಿಸಲಿಲ್ಲ.

ಇದೇ ಕಾಲಕ್ಕೆ ಮೈಸೂರು ಸಂಸ್ಥಾನದಲ್ಲಿ ನಡೆದುದನ್ನು ಹೋಲಿಸಿ ನೋಡಬಹುದು. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯದ ಬೋಧನೆ ಇಂಗ್ಲಿಷಿನಲ್ಲಿತ್ತು. ಆದರೆ ಉಸ್ಮಾನಿಯಾ ಅಸ್ತಿತ್ವಕ್ಕೆ ಬಂದ 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶಯ್ಯಂಗಾರ್ಯರು ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಪರವಾಗಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರತಂದರು. ಅಲ್ಪಕಾಲ ಮಾತ್ರ ನಡೆದ ಆ ಪತ್ರಿಕೆ ಕನ್ನಡ ವಿಜ್ಞಾನ ಗದ್ಯಕ್ಕೆ ಹಾಕಿದ ಅಡಿಪಾಯ ದೊಡ್ಡದು. ಒಂದು ಕಡೆ ಭಾಷೆಗೆ ರಾಜ್ಯದ ಬೊಕ್ಕಸವಿತ್ತು, ಜನರ ಮನೆಮಾತು ಅದಾಗಿರಲಿಲ್ಲ. ಇನ್ನೊಂದು ಕಡೆ ಮನೆಮಾತಿತ್ತು, ತರಗತಿಯ ಬಾಗಿಲು ತೆರೆದಿರಲಿಲ್ಲ. 1928ರಲ್ಲಿ ಗುಲಬರ್ಗಾದಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ಜರುಗಿದಾಗ ಈ ಎರಡು ಲೋಕಗಳು ಒಂದೇ ಊರಿನಲ್ಲಿ ಎದುರಾದವು. ಆದರೆ ಉಸ್ಮಾನಿಯಾದ ಪರಿಭಾಷಾ ಅನುಭವ ಕನ್ನಡದ ಪರಿಭಾಷಾ ಕಾರ್ಯದೊಳಕ್ಕೆ ಹರಿದುಬಂದ ಗುರುತುಗಳು ಕಾಣುವುದಿಲ್ಲ.

1938ರಲ್ಲಿ ವಂದೇ ಮಾತರಂ ಹಾಡಿದುದಕ್ಕಾಗಿ ಉಸ್ಮಾನಿಯಾದಿಂದ ಹೊರಹಾಕಲ್ಪಟ್ಟ ವಿದ್ಯಾರ್ಥಿಗಳಲ್ಲಿ ಹಲವರು ನಾಗಪುರ ವಿಶ್ವವಿದ್ಯಾಲಯವನ್ನು ಸೇರಿದರು. ರಾಜಕೀಯ ಇತಿಹಾಸದಲ್ಲಿ ಇದು ಚೆನ್ನಾಗಿ ದಾಖಲಾಗಿರುವ ಘಟನೆ. ಶಿಕ್ಷಣದ ಇತಿಹಾಸದಲ್ಲಿ ಇದಕ್ಕೆ ಇನ್ನೊಂದು ಅರ್ಥವೂ ಇದೆ. ಉರ್ದುವಿನಲ್ಲಿ ಅರ್ಧ ಓದಿದ ಪಠ್ಯವನ್ನು ಇಂಗ್ಲಿಷಿನಲ್ಲಿ ಮುಗಿಸಬೇಕಾದ ಸ್ಥಿತಿ ಅವರಿಗೆ ಒದಗಿತು. ಹತ್ತು ವರ್ಷಗಳ ನಂತರ ಇದೇ ಸ್ಥಿತಿ ಇಡೀ ವಿಶ್ವವಿದ್ಯಾಲಯದ್ದಾಯಿತು. 1948ರ ಪೊಲೀಸ್ ಕಾರ್ಯಾಚರಣೆಯ ನಂತರ ಉಸ್ಮಾನಿಯಾದಲ್ಲಿ ಉರ್ದುವಿನ ಸ್ಥಾನಕ್ಕೆ ಇಂಗ್ಲಿಷ್ ಬಂದಿತು. ಮೂವತ್ತು ವರ್ಷಗಳಲ್ಲಿ ಸಿದ್ಧವಾದ ಗ್ರಂಥಗಳೂ ಪದಕೋಶಗಳೂ ಆ ತರಗತಿಗಳಿಗೆ ಅನಾವಶ್ಯಕವಾದವು. ರಜಾಕಾರರ ಹಾವಳಿಯನ್ನು ಅನುಭವಿಸಿದ ಜನ ಆ ಭಾಷೆಯ ಬಗ್ಗೆ ಮರುಗದಿದ್ದುದು ಸ್ವಾಭಾವಿಕ. ಆದರೆ ಭಾಷೆಯ ಜೊತೆಗೆ ದೇಶಭಾಷೆಯಲ್ಲಿ ವಿಜ್ಞಾನ ಎಂಬ ಕಲ್ಪನೆಯೇ ಕಳಂಕಿತವಾದುದು ಇತಿಹಾಸಕಾರನು ಗುರುತಿಸಬೇಕಾದ ನಷ್ಟ. ಉರ್ದು ಹೋದಾಗ ಆ ಜಾಗಕ್ಕೆ ಕನ್ನಡ ಬರಲಿಲ್ಲ.

1956ರ ನಂತರ ಈ ಪ್ರದೇಶ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದಿತು. 1958ರಲ್ಲಿ ಮಹಾದೇವಪ್ಪ ರಾಂಪುರೆಯವರ ನೇತೃತ್ವದಲ್ಲಿ ಗುಲಬರ್ಗಾದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿತು. 1970ರಲ್ಲಿ ಧಾರವಾಡ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಗುಲಬರ್ಗಾದಲ್ಲಿ ಆರಂಭವಾಗಿ, 1980ರ ಸೆಪ್ಟೆಂಬರ್‌ನಲ್ಲಿ ಅದೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಕ್ರಮೇಣ ಯಾದಗಿರಿ, ಶಹಾಪುರ, ಸುರಪುರಗಳಲ್ಲಿಯೇ ಪದವಿ ತರಗತಿಗಳು ದೊರೆತವು. ಸುರಪುರದ ಶ್ರೀ ಪ್ರಭು ಕಾಲೇಜು ಇವುಗಳಲ್ಲಿ ಒಂದು. ಓದುವ ಪುಸ್ತಕ ಮಾತ್ರ ದೇಶದ ಎಲ್ಲ ಕಾಲೇಜುಗಳಲ್ಲಿಯೂ ಇದ್ದ ಬಾಹ್ಲ್ ಮತ್ತು ತುಲಿ ಅಥವಾ ಪುರಿ ಮತ್ತು ಶರ್ಮಾ ಅವರ ಇಂಗ್ಲಿಷ್ ಭೌತರಸಾಯನ.

ಕನ್ನಡದಲ್ಲಿ ಪ್ರಯತ್ನಗಳೇ ನಡೆಯಲಿಲ್ಲವೆಂದು ಇದರ ಅರ್ಥವಲ್ಲ. 1961ರಲ್ಲಿ ಕೇಂದ್ರ ಸರ್ಕಾರ ವೈಜ್ಞಾನಿಕ ಮತ್ತು ತಾಂತ್ರಿಕ ಪರಿಭಾಷಾ ಆಯೋಗವನ್ನು ರಚಿಸಿತು. 1968ರ ಯೋಜನೆಯಂತೆ ವಿಶ್ವವಿದ್ಯಾಲಯ ಮಟ್ಟದ ಗ್ರಂಥಗಳನ್ನು ಪ್ರಾದೇಶಿಕ ಭಾಷೆಗಳಲ್ಲಿ ಸಿದ್ಧಪಡಿಸಲು ಪ್ರತಿ ರಾಜ್ಯಕ್ಕೂ ಒಂದು ಕೋಟಿ ರೂಪಾಯಿಗಳ ನೆರವು ಗೊತ್ತಾಯಿತು. ಮೈಸೂರಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜೆ. ಆರ್. ಲಕ್ಷ್ಮಣರಾಯರು ತಿಳಿಗನ್ನಡದಲ್ಲಿ ರಸಾಯನದ ಸೂಕ್ಷ್ಮ ವಿಷಯಗಳನ್ನೂ ಬರೆಯಬಹುದೆಂದು ದಶಕಗಳ ಕಾಲ ತೋರಿಸಿಕೊಟ್ಟರು. 1978ರಿಂದ ಬಂದ ‘ಬಾಲವಿಜ್ಞಾನ’ ಹಳ್ಳಿಯ ಶಾಲೆಗಳನ್ನೂ ತಲುಪಿತು. ಆದರೆ ತರಗತಿಯ ಬೋಧನೆಯೂ ಪರೀಕ್ಷೆಯೂ ಇಂಗ್ಲಿಷಿನಲ್ಲಿಯೇ ನಡೆಯುತ್ತಿರುವಾಗ ಪದವಿ ಮಟ್ಟದ ಕನ್ನಡ ಪುಸ್ತಕವನ್ನು ಕೊಳ್ಳುವವರು ಯಾರು? ಬಳಕೆಯಿಲ್ಲದ ಪದಕ್ಕೆ ಸ್ಥಿರತೆಯೂ ಬರಲಿಲ್ಲ. ಒಂದೇ ಶಾಸ್ತ್ರಕ್ಕೆ ಉಷ್ಣಗತಿವಿಜ್ಞಾನ, ಉಷ್ಣಬಲವಿಜ್ಞಾನ, ಉಷ್ಣಚಲನಶಾಸ್ತ್ರ ಎಂದು, ಒಂದೇ ಸ್ಥಿತಿಗೆ ಸಮತೋಲ, ಸಮತೋಲನ, ಸಂತುಲನ, ಸಮಸ್ಥಿತಿ ಎಂದು ಲೇಖಕನಿಂದ ಲೇಖಕನಿಗೆ ಮಾತು ಬದಲಾಗುವುದು ಇದರ ಪರಿಣಾಮ.

ಈಗ ತಕ್ಕಡಿಯ ರೂಪಕಕ್ಕೆ ಮರಳಬಹುದು. ಇದನ್ನು ಪರೀಕ್ಷಿಸಲು ಸುಣ್ಣದ ಭಟ್ಟಿಗಿಂತ ಉತ್ತಮವಾದ ಉದಾಹರಣೆ ಈ ಸೀಮೆಯಲ್ಲಿ ಇಲ್ಲ. ಭೂವಿಜ್ಞಾನಿಗಳು ಭೀಮಾ ಜಲಾನಯನ ಶಿಲಾಸ್ತರವೆಂದು ಕರೆಯುವ ಸುಣ್ಣಕಲ್ಲಿನ ಹಾಸು ಶಹಾಬಾದ್, ವಾಡಿಗಳಿಂದ ಶಹಾಪುರ ಭಾಗದವರೆಗೂ ಹರಡಿದೆ. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಕೆ. ಪದ್ದಯ್ಯನವರು ಶೋಧಿಸಿದ ಆದಿಮಾನವನ ಕಲ್ಲುಪಕರಣಗಳ ನೆಲೆ ಕೂಡ ಸುಣ್ಣಕಲ್ಲಿನ ಬಂಡೆಗಳನ್ನೇ ಬಳಸಿಕೊಂಡಿತ್ತು. ಅದರ ಕಾಲವನ್ನು ಸುಮಾರು 12 ಲಕ್ಷ ವರ್ಷಗಳಷ್ಟು ಹಿಂದೆ ಎಂದು ಅಂದಾಜಿಸಲಾಗಿದೆ. ಈ ಕಲ್ಲನ್ನು ಸುಟ್ಟು ಸುಣ್ಣ ಮಾಡುವ ಕಸುಬು ಉತ್ತರ ಕರ್ನಾಟಕದಲ್ಲಿ ಸುಣಗಾರ ಎಂಬ ಮನೆತನದ ಹೆಸರಾಗಿಯೂ ಉಳಿದುಕೊಂಡಿದೆ.

ಭಟ್ಟಿಯಲ್ಲಿ ನಡೆಯುವುದಿಷ್ಟು. ಕ್ಯಾಲ್ಸಿಯಂ ಕಾರ್ಬೊನೇಟ್ ಕಾದು ಸುಟ್ಟ ಸುಣ್ಣ ಮತ್ತು ಕಾರ್ಬನ್ ಡೈ ಆಕ್ಸೈಡ್ ಅನಿಲವಾಗಿ ಒಡೆಯುತ್ತದೆ. ಶುದ್ಧವಾದ 100 ಕಿಲೋ ಕಲ್ಲಿನಿಂದ 56 ಕಿಲೋ ಸುಣ್ಣ ಬರುತ್ತದೆ. ಉಳಿದ 44 ಕಿಲೋ ಹೊಗೆಯೊಡನೆ ಹೋಗುತ್ತದೆ. ಪ್ರತಿ 100 ಗ್ರಾಂ ಕಲ್ಲಿಗೆ ಸುಮಾರು 178 ಕಿಲೋಜೂಲ್ ಉಷ್ಣ ಬೇಕು. ಇದೇ ಕಲ್ಲನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿದರೆ ಕ್ರಿಯೆ ಪೂರ್ತಿಯಾಗುವುದಿಲ್ಲ. ಹೊರಬಂದ ಅನಿಲ ಸುಣ್ಣದೊಡನೆ ಮತ್ತೆ ಕೂಡಿ ಕಲ್ಲಾಗತೊಡಗುತ್ತದೆ. ಒಡೆಯುವ ವೇಗ ಮತ್ತು ಕೂಡುವ ವೇಗ ಸಮನಾದಾಗ ಅನಿಲದ ಒತ್ತಡ ಒಂದು ಮಟ್ಟದಲ್ಲಿ ನಿಲ್ಲುತ್ತದೆ. 1867ರಲ್ಲಿ ಫ್ರಾನ್ಸಿನ ಆನ್ರಿ ದೆಬ್ರೆ ಈ ಒತ್ತಡವು ತಾಪವನ್ನು ಮಾತ್ರ ಅವಲಂಬಿಸುತ್ತದೆ ಎಂಬುದನ್ನು ಪ್ರಯೋಗದಿಂದ ತೋರಿಸಿದನು. 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ವಾಯುಮಂಡಲದ ಒತ್ತಡದ ಕಾಲು ಭಾಗಕ್ಕೂ ತುಸು ಕಡಿಮೆ. ಸುಮಾರು 900 ಡಿಗ್ರಿಯಲ್ಲಿ ವಾಯುಮಂಡಲದ ಒತ್ತಡಕ್ಕೆ ಸಮ.

ಇಲ್ಲಿ ತಕ್ಕಡಿ ಕೈಕೊಡುತ್ತದೆ. ತಕ್ಕಡಿಯ ಒಂದು ಪರಡಿಗೆ ಇನ್ನೊಂದು ಕಲ್ಲು ಹಾಕಿದರೆ ಅದು ಆ ಕಡೆಗೆ ವಾಲಲೇಬೇಕು. ಆದರೆ ಮುಚ್ಚಿದ ಪಾತ್ರೆಗೆ ಇನ್ನಷ್ಟು ಸುಣ್ಣಕಲ್ಲು ಹಾಕಿದರೆ ಅನಿಲದ ಒತ್ತಡದಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲ, ಏಕೆಂದರೆ ಘನವಸ್ತುವಿನ ಮೊತ್ತ ಈ ಲೆಕ್ಕದಲ್ಲಿ ಸೇರುವುದೇ ಇಲ್ಲ. ಅನಿಲವನ್ನು ತುಂಬಿದರೆ ಮಾತ್ರ ಕ್ರಿಯೆ ಹಿಂದಕ್ಕೆ ಸರಿಯುತ್ತದೆ. ಅನಿಲವನ್ನು ಹೊರಬಿಟ್ಟರೆ ಮುಂದಕ್ಕೆ ನಡೆಯುತ್ತದೆ. ತಕ್ಕಡಿ ಸಮನಾದಾಗ ಅದು ಅಲುಗಾಡದೆ ನಿಲ್ಲುತ್ತದೆ. ರಾಸಾಯನಿಕ ಸಮತೋಲದಲ್ಲಿ ಎರಡೂ ಕಡೆಯ ಕ್ರಿಯೆ ಎಡೆಬಿಡದೆ ನಡೆಯುತ್ತಲೇ ಇರುತ್ತದೆ. ಸುರಪುರದ ಸಂತೆಯಲ್ಲಿ ನಡುಹಗಲಿನ ಹೊತ್ತಿಗೆ ಬರುವವರೂ ಹೋಗುವವರೂ ಸಮನಾಗಿ ಜನಸಂದಣಿ ಒಂದೇ ಪ್ರಮಾಣದಲ್ಲಿ ಕಾಣುವ ಸ್ಥಿತಿ ಇದಕ್ಕೆ ಹೆಚ್ಚು ಹತ್ತಿರವಾದುದು. ಸಂದಣಿ ಅಷ್ಟೇ ಇರುತ್ತದೆ, ಮುಖಗಳು ಬೇರೆಯಾಗುತ್ತವೆ. 1884ರಲ್ಲಿ ಹಾಲೆಂಡಿನ ವಾಂಟ್ ಹಾಫ್ ಸಮೀಕರಣದ ನಡುವೆ ಸಮಚಿಹ್ನೆಯ ಬದಲಿಗೆ ಎದುರುಬದುರು ಎರಡು ಬಾಣಗಳನ್ನು ಬರೆದುದು ಈ ಎರಡು ದಿಕ್ಕಿನ ಚಲನೆಯನ್ನು ಸೂಚಿಸುವುದಕ್ಕಾಗಿಯೇ. ಪದದ ಕೊರತೆಯನ್ನು ತುಂಬಿದ ಚಿಹ್ನೆ ಇದು. ಉರ್ದು, ಇಂಗ್ಲಿಷ್, ಕನ್ನಡ ಯಾವುದರ ಹಂಗೂ ಇದಕ್ಕಿಲ್ಲ.

ಭಟ್ಟಿ ಕಟ್ಟುವವರು ಗಾಳಿಯ ಕಿಂಡಿಗಳ ವಿಷಯದಲ್ಲಿ ತೋರುವ ಎಚ್ಚರಕ್ಕೆ ಉರಿ ಹೊತ್ತಿಕೊಳ್ಳಲಿ ಎಂಬುದೊಂದೇ ಕಾರಣವಲ್ಲ. ಹುಟ್ಟಿದ ಅನಿಲವನ್ನು ಗಾಳಿ ಎಳೆದುಕೊಂಡು ಹೋಗುತ್ತಿದ್ದರೆ ಕಲ್ಲು ಮತ್ತೆ ಕಲ್ಲಾಗುವ ಅವಕಾಶ ಉಳಿಯುವುದಿಲ್ಲ. ಕಸುಬುದಾರನ ತಿಳಿವಳಿಕೆಗೂ ಶಾತೆಲಿಯೇನ ನಿಯಮಕ್ಕೂ ಇರುವ ಸಂಬಂಧ ಕಲ್ಪನೆಯದಲ್ಲ. ಪಠ್ಯಪುಸ್ತಕಗಳಲ್ಲಿ ಬರಿಯ ನಿಯಮದ ಹೆಸರಾಗಿ ಉಳಿದಿರುವ ಆನ್ರಿ ಲ ಶಾತೆಲಿಯೇ ತನ್ನ ಸಮತೋಲ ನಿಯಮವನ್ನು 1884ರಲ್ಲಿ ಪ್ರಕಟಿಸಿದನು. ಗಾರೆ ಮತ್ತು ಸಿಮೆಂಟಿನ ರಚನೆಯನ್ನು ಕುರಿತ ಅವನ ಸಂಶೋಧನ ಪ್ರಬಂಧ 1887ರದು. ಅವನಿಗಿಂತ ಮೊದಲು ಬರ್ತೊಲೆ 1798ರಲ್ಲಿ ನೆಪೋಲಿಯನ್‌ನ ಜೊತೆ ಈಜಿಪ್ಟಿಗೆ ಹೋದಾಗ, ಸುಣ್ಣಕಲ್ಲಿನ ನೆಲದ ಉಪ್ಪುಕೆರೆಗಳ ದಡದಲ್ಲಿ ಸೋಡಾ ಕಟ್ಟಿಕೊಂಡಿರುವುದನ್ನು ಕಂಡು, ಕ್ರಿಯೆಗಳು ಹಿಮ್ಮುಖವಾಗಿಯೂ ನಡೆಯಬಲ್ಲವೆಂಬ ತೀರ್ಮಾನಕ್ಕೆ ಬಂದನು. ಸಮತೋಲದ ಶಾಸ್ತ್ರ ಹುಟ್ಟಿದುದು ಸುಣ್ಣಕಲ್ಲು, ಉಪ್ಪು, ಸವಳು ಮಣ್ಣುಗಳ ನಡುವೆ. ಇವೆಲ್ಲವೂ ಭೀಮಾ ಕೃಷ್ಣೆಯರ ನಡುನಾಡಿನಲ್ಲಿ ಯಥೇಚ್ಛವಾಗಿವೆ. ನಾರಾಯಣಪುರ ಅಣೆಕಟ್ಟಿನ ಕಾಲುವೆ ನೀರು ಬಂದ ಮೇಲೆ ಸವಳು ಜವಳಿನ ಸಮಸ್ಯೆಯನ್ನು ಕಾಣದ ರೈತರು ಸುರಪುರ, ಶಹಾಪುರಗಳಲ್ಲಿ ವಿರಳ.

ಪ್ರಾಸಂಗಿಕವಾಗಿ ಇನ್ನೊಂದು ಮಾತು. ಸುರಪುರ ಭಾಗದ ಕೊಡೇಕಲ್ ಮತ್ತು ಬೂದಿಹಾಳಗಳಲ್ಲಿರುವ ನವಶಿಲಾಯುಗದ ಬೂದಿದಿಬ್ಬಗಳು ಪುರಾತತ್ತ್ವ ವಿದ್ಯಾರ್ಥಿಗಳಿಗೆ ಪರಿಚಿತ. ಗೂಡುಕಟ್ಟಿದ ದನದ ಸಗಣಿ ಉರಿದು ಕೆಲವೆಡೆ ಕಿಟ್ಟದಂತೆ ಕರಗಿ ಗಟ್ಟಿಯಾಗಿರುವುದನ್ನು ಅಲ್ಲಿ ಕಾಣಬಹುದು. ಬಹಳ ಕಾಲ ಇವನ್ನು ಜ್ವಾಲಾಮುಖಿಯ ಕುರುಹು ಎಂದೂ, ಲೋಹ ಕರಗಿಸಿದ ಜಾಗ ಎಂದೂ ಊಹಿಸಿದವರಿದ್ದರು. ಈ ಊಹೆಗಳನ್ನು ಬಗೆಹರಿಸಿದುದು ಬೂದಿಯ ರಾಸಾಯನಿಕ ಪರೀಕ್ಷೆಯೂ ಅದು ಎಷ್ಟು ತಾಪದಲ್ಲಿ ಕರಗಬಲ್ಲದೆಂಬ ವಿಚಾರವೂ. ಇತಿಹಾಸದ ವಿದ್ಯಾರ್ಥಿಗೂ ಉಷ್ಣಗತಿವಿಜ್ಞಾನ ಪೂರ್ತಿ ಹೊರಗಿನದಲ್ಲ.

ಪ್ರಸ್ತುತ ಪರಿಸ್ಥಿತಿಯನ್ನು ನೋಡಿದರೆ ಹಳೆಯ ವಿಭಜನೆ ಬೇರೆ ರೂಪದಲ್ಲಿ ಮುಂದುವರಿದಿದೆ. ಕನ್ನಡ ಮಾಧ್ಯಮದ ವಿದ್ಯಾರ್ಥಿ ಹತ್ತನೆಯ ತರಗತಿಯಲ್ಲಿ ಸುಣ್ಣಕಲ್ಲು ಕಾದು ಒಡೆಯುವ ಕ್ರಿಯೆಯನ್ನೂ, ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಉಷ್ಣ ಹೊರಡುವುದನ್ನೂ, ಗೋಡೆಗೆ ಬಳಿದ ಸುಣ್ಣ ಗಾಳಿಯ ಅನಿಲವನ್ನು ಹೀರಿ ಮತ್ತೆ ಕಲ್ಲಾಗುವುದನ್ನೂ ಕನ್ನಡದಲ್ಲಿಯೇ ಓದುತ್ತಾನೆ. ಮರುವರ್ಷ ಪದವಿಪೂರ್ವ ತರಗತಿಯಲ್ಲಿ ಅದೇ ಕ್ರಿಯೆ ಸಮತೋಲ ಸ್ಥಿರಾಂಕದ ಉದಾಹರಣೆಯಾಗಿ ಇಂಗ್ಲಿಷಿನಲ್ಲಿ ಅವನ ಎದುರಿಗೆ ಬರುತ್ತದೆ. ಎರಡೂ ಒಂದೇ ಭಟ್ಟಿಯ ಮಾತೆಂದು ಅವನಿಗೆ ಹೊಳೆಯುವುದು ಅಧ್ಯಾಪಕರ ವೈಯಕ್ತಿಕ ಆಸಕ್ತಿಗೆ ಬಿಟ್ಟ ವಿಷಯವಾಗಿದೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 51.83, ರಾಜ್ಯದ ಜಿಲ್ಲೆಗಳಲ್ಲಿ ಅತಿ ಕಡಿಮೆ. 2012ರ 98ನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 371ಜೆ ವಿಧಿ ಈ ಭಾಗದ ವಿದ್ಯಾರ್ಥಿಗಳಿಗೆ ಉನ್ನತ ಶಿಕ್ಷಣದಲ್ಲಿ ಸ್ಥಾನಗಳನ್ನು ಕಾದಿರಿಸಿತು. ರಾಯಚೂರಿನಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಯಾದಗಿರಿ ಜಿಲ್ಲೆಯ ಕಾಲೇಜುಗಳು ಗುಲಬರ್ಗಾ ವಿಶ್ವವಿದ್ಯಾಲಯದಿಂದ ಅದರ ವ್ಯಾಪ್ತಿಗೆ ಬಂದಿವೆ. ಪ್ರವೇಶದ ಬಾಗಿಲು ಹಿಂದಿಗಿಂತ ಅಗಲವಾಗಿದೆ. ಒಳಗೆ ಬಂದವನು ಕೇಳುವ ಮಾತಿನ ಪ್ರಶ್ನೆ 1919ರಲ್ಲಿ ಇದ್ದಂತೆಯೇ ಇದೆ.

ಈ ದಿಕ್ಕಿನಲ್ಲಿ ಆಗಬೇಕಾದ ಒಂದು ಕೆಲಸವನ್ನು ಇಲ್ಲಿ ಸೂಚಿಸಬಹುದು. ಉಸ್ಮಾನಿಯಾ ಭಾಷಾಂತರ ಇಲಾಖೆಯ ರಸಾಯನಶಾಸ್ತ್ರ ಗ್ರಂಥಗಳು ಮತ್ತು ಪದಪಟ್ಟಿಗಳನ್ನು ಕನ್ನಡ ಪರಿಭಾಷಾ ಕೋಶಗಳ ಜೊತೆಯಲ್ಲಿಟ್ಟು ಓದಬೇಕಾಗಿದೆ. ಇದಕ್ಕೆ ಉರ್ದು ಲಿಪಿಯನ್ನೂ ರಸಾಯನಶಾಸ್ತ್ರವನ್ನೂ ಬಲ್ಲ ಕನ್ನಡಿಗರು ಬೇಕು. ಉಸ್ಮಾನಿಯಾದಲ್ಲಿ ಉರ್ದು ಮಾಧ್ಯಮದ ಕೊನೆಯ ವರ್ಷಗಳಲ್ಲಿ ಓದಿದವರು ಇಂದು ತೊಂಬತ್ತರ ಆಸುಪಾಸನ್ನು ದಾಟಿದವರು. ಯಾದಗಿರಿ, ಶಹಾಪುರ, ಸುರಪುರಗಳ ಮನೆಗಳಲ್ಲಿ ಅವರ ತಲೆಮಾರು ಬಿಟ್ಟುಹೋದ ತರಗತಿಯ ಟಿಪ್ಪಣಿ ಪುಸ್ತಕಗಳು ಉಳಿದಿದ್ದರೆ, ಅಂಚಿನಲ್ಲಿ ಅವರು ಕನ್ನಡದಲ್ಲಿ ಗೀಚಿಕೊಂಡ ಅರ್ಥಗಳೇ ಈ ಸಂಶೋಧನೆಯ ಮೊದಲ ಆಕರವಾಗುತ್ತವೆ.